ರಜೆ ವಿಸ್ತರಿಸಲಾಗಿದೆ

ಶಾಲೆಯಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು ತಪ್ಪಿದ್ದಲ್ಲ: “ನಿಮಗೇನು ಬಿಡಿ ಮೇಡಂ, ವರ್ಷದಲ್ಲಿ ಅರ್ಧ ರಜೆ.” ಹೊಸಕೋಟೆ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆ ಹೇಳುತ್ತಾಳೆ, ಬ್ಯಾಂಕಿನಲ್ಲಿರುವ ನನ್ನ ನಾದಿನಿ ಹೇಳುತ್ತಾಳೆ, ಬಿಸಿಯೂಟದ ಮನೆಗೆ ಗ್ಯಾಸ್ ಸಿಲಿಂಡರ್ ಇಳಿಸುವ ಹುಡುಗನೂ ಹೇಳುತ್ತಾನೆ. ತಹಸೀಲ್ದಾರರು ಯಾವಾಗ ರಜೆ ಹಾಕಿದರು, ಕರೆಂಟ್ ಆಫೀಸಿನವರಿಗೆ ವರ್ಷಕ್ಕೆ ಎಷ್ಟು ರಜೆ, ಊರಿಗೆ ಗೊತ್ತಿಲ್ಲ. ಮೇಷ್ಟರ ರಜೆ ಮಾತ್ರ ಊರಿನ ಗೋಮಾಳ. ಯಾರು ಬೇಕಾದರೂ ಕಣ್ಣು ಮೇಯಿಸಬಹುದು. ಬೇಸಿಗೆ ರಜೆ, ದಸರಾ ರಜೆ ಇದೆ ಎನ್ನುವ ಕಾರಣಕ್ಕೇ ಬೇರೆ ನೌಕರರಿಗೆ ಸಿಗುವಷ್ಟು ಗಳಿಕೆ ರಜೆ ನಮಗೆ ಸಿಗುವುದಿಲ್ಲ ಎಂದು ವಿವರಿಸಲು ಹೊರಟರೆ, ಅಷ್ಟರಲ್ಲಿ ಬಸ್ಸು ಬಂದಿರುತ್ತದೆ.

ರಜೆಯ ಆಸೆ ನನಗಿಲ್ಲ ಎಂದರೆ ಸುಳ್ಳಾದೀತು. ದಸರಾ ರಜೆಯಲ್ಲಿ ನನಗೆ ಮುಖ್ಯವಾಗಿ ಬೇಕಾಗಿರುವುದು ಮಧ್ಯಾಹ್ನದ ಒಂದು ನಿದ್ದೆ. ಬಿಸಿಯೂಟ ಮುಗಿದು, ತಟ್ಟೆ ತೊಳೆದ ನೀರು ಅಂಗಳದಲ್ಲಿ ಆರುತ್ತಿರುವಾಗ, ಐದನೇ ಪಿರಿಯಡ್ಡಿನ ಗಂಟೆ ಹೊಡೆಯುತ್ತದೆಯಲ್ಲ, ಆಗ ಮಕ್ಕಳಿಗಿಂತ ಮೊದಲು ನಿದ್ದೆ ಬರುವುದು ಮೇಷ್ಟರಿಗೆ. ಮಕ್ಕಳಾದರೂ ಡೆಸ್ಕಿನ ಮೇಲೆ ತಲೆ ಇಡಬಹುದು. ನಾವು ಬೋರ್ಡಿನ ಕಡೆ ತಿರುಗಿ ಆಕಳಿಸಬೇಕು. ಆ ಹೊತ್ತಿಗೆ ಸರಿಯಾಗಿ ಮನೆಯ ನಡುಮನೆಯಲ್ಲಿ, ಫ್ಯಾನಿನ ಕೆಳಗೆ, ಕೆಂಪು ಗಾರೆ ನೆಲದ ಮೇಲೆ ಚಾಪೆಯೂ ಇಲ್ಲದೆ ಮಲಗುವುದು ನನ್ನ ಪಾಲಿನ ದಸರಾ ದರ್ಬಾರು. ಆಮೇಲೆ ತವರಿಗೆ ಹೋಗುವುದು, ಅಕ್ಕನ ಮನೆಯ ಗೊಂಬೆ ನೋಡುವುದು, ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುವುದು ಎಲ್ಲ ಇದ್ದದ್ದೇ.

2025ರ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಎಂದು ಶೈಕ್ಷಣಿಕ ಮಾರ್ಗಸೂಚಿಯಲ್ಲೇ ಅಚ್ಚಾಗಿತ್ತು. ಅದೇ ರಜೆಯ ಒಳಗೆ, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 7ರವರೆಗೆ, ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯೂ ಬಂದು ಕುಳಿತಿತು. ಗಣತಿದಾರರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ರಾಜ್ಯದಲ್ಲಿ ಸುಮಾರು 1.75 ಲಕ್ಷ ಶಿಕ್ಷಕರನ್ನು ಇಳಿಸುತ್ತಾರೆ ಎಂದು ಪತ್ರಿಕೆಗಳಲ್ಲಿ ಬಂತು. ಮನೆಗೆ 60 ಪ್ರಶ್ನೆ. ಸೋಮವಾರ ಬೆಳಿಗ್ಗೆ ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ಅವರು ನಾಡಹಬ್ಬಕ್ಕೆ ಚಾಲನೆ ಕೊಡುವುದನ್ನು ಟೀವಿಯಲ್ಲಿ ಅರ್ಧ ನೋಡಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಚಾರ್ಜರ್, ನೀರಿನ ಬಾಟಲಿ, ಛತ್ರಿ ಬ್ಯಾಗಿಗೆ ತುಂಬಿ ನಾನು ಪಿಲ್ಲಗುಂಪೆಯ ದಾರಿ ಹಿಡಿದೆ.

ಇದು ನಮಗೆ ಹೊಸದೇನೂ ಅಲ್ಲ. 2015ರ ಏಪ್ರಿಲ್‌ನಲ್ಲಿ, ಬೇಸಿಗೆ ರಜೆ ಶುರುವಾದ ಕೂಡಲೇ, 55 ಪ್ರಶ್ನೆಗಳ ಸಮೀಕ್ಷೆ ನಡೆದಿತ್ತು. ಆಗ ಕೈಯಲ್ಲಿ ಫೋನಿನ ಬದಲು ಕಾಗದದ ಫಾರಂ. 2025ರ ಬೇಸಿಗೆಯಲ್ಲಿ, ಮೇ 5ರಿಂದ, ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗಕ್ಕಾಗಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಸಮೀಕ್ಷೆ. ಹಾಗಾಗಿ ಒಂದೇ ವರ್ಷದ ಎರಡೂ ರಜೆಗಳು ಜನರ ಹೊಸ್ತಿಲಲ್ಲಿ ಕಳೆದವು. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಕಲಂ ಶಿಕ್ಷಕರನ್ನು ಬೋಧನೆಯಲ್ಲದ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಈ ಮೂರಕ್ಕೆ ಮಾತ್ರ ವಿನಾಯಿತಿ. ನಮ್ಮ ಸ್ಟಾಫ್ ರೂಮಿನಲ್ಲಿ ಈ ಕಲಂ ಎಲ್ಲರಿಗೂ ಬಾಯಿಪಾಠ. ಬಾಯಿಪಾಠ ಬಂದದ್ದೆಲ್ಲ ಬದುಕಿನಲ್ಲಿ ಉಪಯೋಗಕ್ಕೆ ಬರುತ್ತದೆಂದು ನಾವು ಮಕ್ಕಳಿಗೂ ಹೇಳುವುದಿಲ್ಲ.

ಹೊಸ್ತಿಲಿಂದ ಹೊಸ್ತಿಲಿಗೆ ಹೋಗುತ್ತಿರುವಾಗ ಅಜ್ಜ ಹೇಳುತ್ತಿದ್ದ ಒಂದು ಸಂಗತಿ ನೆನಪಾಯಿತು. ಹಿಂದೆ ಸರ್ಕಾರಿ ಶಾಲೆಗಳು ಬರುವ ಮೊದಲು ಊರೂರಲ್ಲಿ ಕೂಲಿಮಠಗಳಿದ್ದವು. ಐಗಳು ಮರಳ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಅವರಿಗೆ ತಿಂಗಳ ಸಂಬಳವಿಲ್ಲ, ಊರವರು ಕೊಟ್ಟದ್ದೇ ಕೂಲಿ. ಮಹಾನವಮಿ ಬಂತೆಂದರೆ ಐಗಳು ಮಕ್ಕಳ ದಂಡು ಕಟ್ಟಿಕೊಂಡು ಮನೆಮನೆಗೆ ಹೊರಡುತ್ತಿದ್ದರು. ಮಕ್ಕಳು ಮಡಿ ಬಟ್ಟೆ ಉಟ್ಟು ಪ್ರತಿ ಮನೆಯ ಮುಂದೆ ನಿಂತು ಮಾನೌಮಿಯ ಚೌಪದ ಹಾಡಿ, ಮನೆಯವರಿಗೆ ಒಳ್ಳೆಯದಾಗಲಿ ಎಂದು ಹರಸುತ್ತಿದ್ದರು. ಮನೆಯವರು ಐಗಳಿಗೆ ಕಾಸು, ದವಸ ಕೊಡುತ್ತಿದ್ದರು. ಮಕ್ಕಳ ಜೇಬಿಗೆ ಪುರಿ, ಕಡಲೆ. ವರ್ಷವಿಡೀ ಕಲಿಸಿದ್ದರ ಲೆಕ್ಕ ಹಾಗೆ ಚುಕ್ತಾ ಆಗುತ್ತಿತ್ತು. ಅಂದರೆ ನವರಾತ್ರಿಯಲ್ಲಿ ಮೇಷ್ಟರು ಮನೆಮನೆ ಅಲೆಯುವುದು ಈ ನಾಡಿನಲ್ಲಿ ಹಳೆಯ ಪದ್ಧತಿಯೇ. ಆಗ ಹಾಡು ಕೇಳಿಸಿ ಕಾಳು ತರುತ್ತಿದ್ದರು, ಈಗ ಪ್ರಶ್ನೆ ಕೇಳಿ ಮಾಹಿತಿ ತರುತ್ತೇವೆ, ವ್ಯತ್ಯಾಸ ಅಷ್ಟೇ. ನನ್ನ ಹಿಂದೆಯೂ ಒಂದು ದಂಡು ಇದ್ದೇ ಇತ್ತು. ಶಾಲೆಯ ಮಕ್ಕಳು, ಅವರ ತಮ್ಮ ತಂಗಿಯರು, ಅವರ ಹಿಂದೆ ಒಂದು ಕುಂಟು ನಾಯಿ. “ಮಿಸ್, ಆ ಮನೇಲಿ ನಾಯಿ ಕಚ್ತದೆ, ಹಿಂದ್ಲ ಬಾಗಿಲಿಂದ ಬನ್ನಿ”, “ಮಿಸ್, ಅವರಜ್ಜಿಗೆ ಕಿವಿ ಕೇಳ್ಸಲ್ಲ, ಜೋರಾಗಿ ಕೇಳಿ”. ತರಬೇತಿಯ ಕೈಪಿಡಿಯಲ್ಲಿ ಇಂಥ ಉಪಯುಕ್ತ ಸೂಚನೆಗಳು ಇರಲಿಲ್ಲ.

ಪಿಲ್ಲಗುಂಪೆ ಎಂದರೆ ಬೆಂಗಳೂರಿನವರಿಗೆ ಕೈಗಾರಿಕಾ ಪ್ರದೇಶ. ಹೊಸಕೋಟೆಯಿಂದ ಚಿಂತಾಮಣಿ ರಸ್ತೆಯ ಕಡೆ ಹೊರಟರೆ ಲಾರಿಗಳ ಸಾಲು, ಶೆಡ್ಡುಗಳ ಸಾಲು, ಗೇಟಿನ ಮುಂದೆ ಟೀ ಅಂಗಡಿಗಳ ಸಾಲು. ಊರು ಅದರ ಮಗ್ಗುಲಲ್ಲಿದೆ. ಹಳೆಯ ಹೆಂಚಿನ ಮನೆ, ಜಗಲಿ, ಕೊಟ್ಟಿಗೆ, ಕೊಟ್ಟಿಗೆಯ ಪಕ್ಕ ಹುಲ್ಲಿನ ಮೆದೆ. ಆಚೆಗೆ ಆಗಷ್ಟೇ ತೆನೆ ಬಿಡುತ್ತಿದ್ದ ರಾಗಿ ಹೊಲ, ಅದರಾಚೆ ನೀಲಗಿರಿ ತೋಪು. ಮಾತಿನಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಇವೆಲ್ಲದರ ನಡುವೆ ಎಲ್ಲಿ ಸೈಟು ಖಾಲಿ ಇತ್ತೋ ಅಲ್ಲಿ ಬಾಡಿಗೆ ಮನೆಗಳ ವಟಾರ ಎದ್ದಿದೆ. ಒಂದು ಕೋಣೆ, ಮೇಲೆ ಶೀಟು, ಹೊರಗೆ ಸಾಲಾಗಿ ನೀಲಿ ಡ್ರಮ್ಮು. ರಾಯಚೂರು, ಯಾದಗಿರಿಯವರು ಒಂದು ಸಾಲಿನಲ್ಲಿ. ಒಡಿಶಾ, ಬಿಹಾರ, ಅಸ್ಸಾಮಿನವರು ಇನ್ನೊಂದು ಸಾಲಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಹೋದರೆ ನೈಟ್ ಶಿಫ್ಟ್ ಮುಗಿಸಿದವರು ಮಲಗಿರುತ್ತಾರೆ. ಸಂಜೆ ಹೋದರೆ ಸೆಕೆಂಡ್ ಶಿಫ್ಟಿನವರ ಬೀಗ. ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಮಲಗಿದವರನ್ನು ಎಬ್ಬಿಸುವುದು. ಹಗಲು ನಿದ್ದೆಯ ಬೆಲೆ ಗೊತ್ತಿರುವವಳಿಗೆ ಅದು ಪಾಪದ ಕೆಲಸ.

ಮನೆಗಳನ್ನು ಗುರುತಿಸಲು ವಿದ್ಯುತ್ ಮೀಟರಿನ ಆರ್.ಆರ್. ನಂಬರನ್ನು ಆಧಾರವಾಗಿಟ್ಟುಕೊಂಡಿದ್ದರು. ಮೀಟರ್ ರೀಡರುಗಳು ಮೊದಲೇ ಬಂದು ಬಾಗಿಲ ಬಳಿ ಚೀಟಿ ಅಂಟಿಸಿ ಹೋಗಿದ್ದರು. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಉಪಾಯ. ಮೀಟರಿಲ್ಲದ ಮನೆ ಇರಬಹುದೇ ಹೊರತು ಮೀಟರಿದ್ದೂ ಮನೆ ಇಲ್ಲದಿರುವುದು ಉಂಟೆ? ಪಿಲ್ಲಗುಂಪೆಯಂಥ ಕಡೆ ಉಂಟು. ಒಮ್ಮೆ ನಕ್ಷೆಯ ಬಾಣ ತೋರಿಸಿದ ಕಡೆ ನಡೆದು ಹೋದೆ. ಮನೆಗಳು ಮುಗಿದವು, ಡಾಂಬರು ಮುಗಿಯಿತು, ಬದುವಿನ ಮೇಲೆ ಹೆಜ್ಜೆ ಇಡುತ್ತ ಹೋದರೆ ಕೊನೆಗೆ ಸಿಕ್ಕಿದ್ದು ಬೋರ್‌ವೆಲ್ಲಿನ ಪಂಪ್ ಷೆಡ್ಡು. ಬಾಗಿಲ ಮೇಲೆ ಚೀಟಿ ನೀಟಾಗಿ ಅಂಟಿತ್ತು. ಕುಟುಂಬದ ಮುಖ್ಯಸ್ಥರು ಯಾರು ಎಂದು ಮೋಟರನ್ನು ಕೇಳುವ ಹಾಗಿರಲಿಲ್ಲ. ಪಕ್ಕದ ಟೊಮೆಟೊ ತೋಟದಲ್ಲಿ ಕಡ್ಡಿ ಕಟ್ಟುತ್ತಿದ್ದ ರೈತ ಎದ್ದು ನಿಂತು, “ಏನ್ ಮೇಡಮ್ಮ, ನಮ್ ಮೋಟರ್‌ಗೂ ಜಾತಿ ಬರ್ಕೊಂಡೋಯ್ತೀರಾ?” ಎಂದು ನಕ್ಕು, ಬಾಡದ ಒಂದು ಮಡಿಲು ಟೊಮೆಟೊ ಕೊಟ್ಟು ಕಳಿಸಿದ. ಇದರ ತದ್ವಿರುದ್ಧವೂ ಇತ್ತು. ವಟಾರದಲ್ಲಿ ಓನರ್ ಹೆಸರಿನ ಒಂದು ಮೀಟರಿನ ಹಿಂದೆ ಒಂದು ಊರಿನಷ್ಟು ಸಂಸಾರಗಳು.

ಇನ್ನು ಸಮೀಕ್ಷೆಯ ಆ್ಯಪು ಕೇಳುವ ಓಟಿಪಿಯ ಪುರಾಣ. ಮನೆಯಲ್ಲಿರುವುದು ಹೆಂಗಸರು, ಆಧಾರ್, ರೇಷನ್ ಕಾರ್ಡಿಗೆ ಜೋಡಿಸಿದ ಮೊಬೈಲು ಗಂಡಸರದು. ಗಂಡಸರು ಕಂಪನಿಯಲ್ಲಿ, ಹಲವು ಕಂಪನಿಗಳಲ್ಲಿ ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಹಾಗಾಗಿ ಓಟಿಪಿ ಬಂದದ್ದು ಸೆಕ್ಯುರಿಟಿಯವನ ಪೆಟ್ಟಿಗೆಗೆ. “ಬೇಕಾದ್ರೆ ಕುಂತಿರಿ ಮೇಡಮ್ಮ, ಎರಡು ಗಂಟೆಗೆ ಫಸ್ಟ್ ಶಿಫ್ಟ್ ಬಿಡ್ತದೆ” ಎಂದು ಹೇಳಿ ಒಂದು ಮನೆಯಾಕೆ ಒಳಗೆ ಮುದ್ದೆಗೆ ಎಸರಿಟ್ಟಳು. ಕುಳಿತೆ. ಕುಳಿತದ್ದಕ್ಕೆ ಬಸ್ಸಾರು, ಮುದ್ದೆ ಸಿಕ್ಕಿತು. ಎರಡೂಕಾಲಿಗೆ ಸೈಕಲ್ಲಿಳಿದ ಯಜಮಾನರು ನನ್ನನ್ನು ನೋಡಿ ಮೊದಲು ಗಾಬರಿಯಾದರು. ಮಗಳ ಟೀಚರು ಮನೆಗೆ ಬಂದು ಕುಳಿತಿದ್ದಾರೆಂದರೆ ಮಗಳು ಏನೋ ಮಾಡಿದ್ದಾಳೆ ಎಂದೇ ಲೆಕ್ಕ. ಸಮೀಕ್ಷೆ ಎಂದ ಮೇಲೆ ಅವರ ಮುಖ ತಿಳಿಯಾಯಿತು. ಅಷ್ಟರಲ್ಲಿ ಆ ಓಟಿಪಿಯ ಅವಧಿ ಮುಗಿದಿತ್ತು, ಇನ್ನೊಂದು ತರಿಸಿಕೊಂಡೆವು.

ಸಮೀಕ್ಷೆ ಶುರುವಾದ ನಾಲ್ಕನೆಯ ದಿನ, ಸೆಪ್ಟೆಂಬರ್ 25ರಂದು, ಹೈಕೋರ್ಟಿನ ಮಧ್ಯಂತರ ಆದೇಶ ಬಂತು. ಸಮೀಕ್ಷೆಗೆ ತಡೆ ಇಲ್ಲ, ಆದರೆ ಮಾಹಿತಿ ಕೊಡುವುದು ಜನರ ಇಷ್ಟ; ಅದನ್ನು ಅವರಿಗೆ ತಿಳಿಸಬೇಕು, ಮಾಹಿತಿ ಗುಟ್ಟಾಗಿರಬೇಕು. ನ್ಯಾಯವಾದ ಮಾತೇ. ಆದರೆ ನನ್ನ ಕಸುಬು ನೋಡಿ. ವರ್ಷಪೂರ್ತಿ ಪ್ರಶ್ನೆಪತ್ರಿಕೆಯ ನೆತ್ತಿಯ ಮೇಲೆ “ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ” ಎಂದು ಬರೆಯುವವಳು, ಈಗ ಪ್ರತಿ ಮನೆಯ ಮುಂದೆ ನಿಂತು “ಇಷ್ಟವಿಲ್ಲದಿದ್ದರೆ ಉತ್ತರ ಹೇಳಬೇಕಾಗಿಲ್ಲ” ಎಂದು ಶುರುಮಾಡಬೇಕು. ಊರವರಿಗೂ ಅದು ವಿಚಿತ್ರವೆನಿಸಿತು. “ಅಷ್ಟ್ ದೂರದಿಂದ ಬಿಸಿಲಲ್ಲಿ ಬಂದು ಯೋಳ್ಬೇಡಿ ಅಂತೀರಲ್ಲ, ಕೇಳಿ ಕೇಳಿ” ಎಂದು ಜಗಲಿಯಲ್ಲಿ ಚಾಪೆ ಹಾಸಿದರು. ಹೇಳದೆ ಬಿಟ್ಟವರು ಇಲ್ಲದಿಲ್ಲ. ಸಾಲ ಎಷ್ಟಿದೆ ಎಂಬ ಪ್ರಶ್ನೆ ಬಂದಾಗ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಒಬ್ಬರಿಗೆ ಗೊತ್ತಿರುವ ಸಾಲ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಉದ್ಯೋಗದ ಪ್ರಶ್ನೆಗೆ ಒಬ್ಬಾಕೆ “ನಂದೇನೈತೆ, ಮನೇಲೇ ಇರ್ತೀನಿ” ಎಂದಳು. ಹಾಗೆ ಹೇಳುವಾಗ ಆಕೆಯ ಕೈ ಎರಡೂ ಸೀಮೆಹಸುವಿನ ಹುಲ್ಲು ಕತ್ತರಿಸುತ್ತಿದ್ದವು. ಗೋಡೆಯ ಮೊಳೆಗೆ ತೂಗುಹಾಕಿದ್ದ ಡೇರಿಯ ಪುಸ್ತಕ ಆಕೆಯ ಹೆಸರಿನಲ್ಲೇ ಇತ್ತು. ಪುಸ್ತಕ ತೆಗೆದು ತೋರಿಸಿ, ಹೈನುಗಾರಿಕೆ ಎಂದು ಬರೆಯಲೇ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, “ಬರ್ಕಳಿ, ಆದ್ರೆ ಇವ್ರಿಗೆ ಯೋಳ್ಬೇಡಿ, ನಾಳಿಂದ ಹಾಲಿನ್ ದುಡ್ಡಿನ್ ಲೆಕ್ಕ ಕೇಳ್ತಾರೆ” ಎಂದಳು.

ಐದನೇ ತರಗತಿಯಲ್ಲಿ ಗೋಡೆ ಬದಿಯ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗನಿದ್ದಾನೆ. ಒಡಿಶಾದ ಮಗು. ತರಗತಿಯಲ್ಲಿ ಅವನ ಸ್ವರ ಕೇಳುವುದು ಹಾಜರಿ ಕೂಗಿದಾಗ ಮಾತ್ರ. ಅವರ ವಟಾರಕ್ಕೆ ಹೋದ ದಿನ ಬಾಗಿಲು ತೆಗೆದವನು ಅವನೇ. ಅಪ್ಪ ನೈಟ್ ಶಿಫ್ಟ್ ಮುಗಿಸಿ ಗೋಡೆಯ ಕಡೆ ತಿರುಗಿ ಮಲಗಿದ್ದ. ಅಮ್ಮನಿಗೆ ಕನ್ನಡ ಬಾರದು. ಆಧಾರ್ ವಿಳಾಸ ಇಲ್ಲಿಗೇ ಬದಲಾಗಿದೆ, ಮನೆಗೆ ಚೀಟಿಯೂ ಅಂಟಿದೆ. ಹುಡುಗ ಚಾಪೆ ಹಾಸಿ ಕೂರಿಸಿದ. ಒಂದು ಲೋಟ ನೀರು ತಂದಿಟ್ಟ. ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಕಾಗದಗಳನ್ನೆಲ್ಲ ತೆಗೆದು ನನ್ನ ಮುಂದೆ ಸಾಲಾಗಿ ಜೋಡಿಸಿದ. ಆಮೇಲೆ ನಾನು ಕೇಳಿದ್ದನ್ನು ಅಮ್ಮನಿಗೆ ಒಡಿಯಾದಲ್ಲಿ ಹೇಳಿ, ಆಕೆ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಹೇಳುತ್ತ ಹೋದ. ಉದ್ದ ಉತ್ತರಗಳನ್ನು ಚಿಕ್ಕದು ಮಾಡುತ್ತಿದ್ದ. “ಜಮೀನು ಇದೆಯಾ?” ಎಂದರೆ ಅಮ್ಮ ಎರಡು ನಿಮಿಷ ಮಾತಾಡಿದಳು, ಅವನು “ಅಲ್ಲಿತ್ತು, ಈಗಿಲ್ಲ” ಎಂದ. ಮದುವೆಯಾದಾಗ ಎಷ್ಟು ವಯಸ್ಸು ಎಂಬ ಪ್ರಶ್ನೆಗೆ ಆಕೆ ನಕ್ಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ಮಿಸ್, ಅದು ಹೇಳಲ್ವಂತೆ” ಎಂದ ಹುಡುಗ, ಆಮೇಲೆ ಚಿಂತೆಯಿಂದ, “ಬಿಟ್ರೆ ಮಾರ್ಕ್ಸ್ ಕಟ್ ಆಗುತ್ತಾ?” ಎಂದು ಕೇಳಿದ. ಆಗುವುದಿಲ್ಲ ಎಂದೆ. ಅಲ್ಲಿಂದ ಎದ್ದಾಗ ಅವನೂ ಚಪ್ಪಲಿ ಮೆಟ್ಟಿದ. ಆ ಸಾಲಿನ ಅಷ್ಟೂ ಬಾಗಿಲುಗಳನ್ನು ಅವನೇ ತಟ್ಟಿದ, ಅಷ್ಟೂ ಜನರ ಪರವಾಗಿ ಅವನೇ ಮಾತಾಡಿದ. ಯಾರದ್ದೋ ಗ್ಯಾಸ್ ಬುಕಿಂಗ್, ಯಾರದ್ದೋ ಆಸ್ಪತ್ರೆ ಚೀಟಿ, ಓನರ್ ಜತೆ ನೀರಿನ ಜಗಳ, ಎಲ್ಲಕ್ಕೂ ಕರೆಯುವುದು ಅವನನ್ನೇ ಎಂದು ಆಮೇಲೆ ತಿಳಿಯಿತು. ತರಗತಿಯ ನಾಲ್ಕು ಗೋಡೆಯೊಳಗೆ ಈ ವಿಷಯ ತಿಳಿಯಲು ದಾರಿಯೇ ಇಲ್ಲ.

ಸಂಜೆ ಮನೆಗೆ ಬಂದರೆ ಇನ್ನೊಂದು ಪಾಳಿ. ರಜೆಗೆ ಮೊದಲು ಮುಗಿದ ಸಂಕಲನಾತ್ಮಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಕಾಯುತ್ತಿತ್ತು. ಅವನ್ನು ತಿದ್ದಿ, ಅಂಕ ಕೂಡಿ, ಗ್ರೇಡು ಹಾಕಿ, ಕಂಪ್ಯೂಟರಿಗೆ ಏರಿಸಬೇಕು. ಹಗಲೆಲ್ಲ ದೊಡ್ಡವರ ಉತ್ತರ ಕೇಳಿ ಬಂದವಳಿಗೆ ರಾತ್ರಿ ಮಕ್ಕಳ ಉತ್ತರ ಓದುವುದು ಸುಖವೇ. ಮಕ್ಕಳು ಸಾಲ ಮುಚ್ಚಿಡುವುದಿಲ್ಲ. ಪರಿಸರ ಅಧ್ಯಯನದ ಪತ್ರಿಕೆಯಲ್ಲಿ “ನಿಮ್ಮ ಊರಿನ ನೀರಿನ ಮೂಲ ಯಾವುದು?” ಎಂಬ ಪ್ರಶ್ನೆ. ಮಾದರಿ ಉತ್ತರದಲ್ಲಿ ಕೆರೆ, ಬಾವಿ, ಕೊಳವೆಬಾವಿ. ಒಬ್ಬಳು ದುಂಡು ಅಕ್ಷರದಲ್ಲಿ “ಟ್ಯಾಂಕರ್” ಎಂದು ಬರೆದು, ಪಕ್ಕದಲ್ಲಿ ಹಳದಿ ಬಣ್ಣದ ಚಿತ್ರವನ್ನೂ ಬರೆದಿದ್ದಳು. ಅವಳ ಬೀದಿಗೆ ಅಂದು ಬೆಳಿಗ್ಗೆಯೇ ಹೋಗಿದ್ದೆ. ಟ್ಯಾಂಕರ್ ಬಂದ ಸದ್ದಿಗೆ ಇಡೀ ವಟಾರ ಕೊಡ ಹಿಡಿದು ಓಡಿ, ನನ್ನ ಇಪ್ಪತ್ತೇಳನೆಯ ಪ್ರಶ್ನೆ ಅರ್ಧಕ್ಕೇ ನಿಂತಿತ್ತು. ಪೈಪಿನ ಬಾಯಿಗೆ ಮೊದಲು ಕೊಡ ಒಡ್ಡಿದವಳು ಅವಳೇ. ಪೂರ್ತಿ ಅಂಕ ಕೊಟ್ಟೆ. ಚಿತ್ರಕ್ಕೂ ಕೊಡಲು ಪತ್ರಿಕೆಯಲ್ಲಿ ಜಾಗವಿರಲಿಲ್ಲ.

ಭಾನುವಾರ ನಸುಕಿನಲ್ಲಿ ಹೊಸಕೋಟೆಯ ರಸ್ತೆಯಲ್ಲಿ ಬೆಂಗಳೂರಿನ ಕಾರುಗಳ ಸಾಲು ಕಾಣುತ್ತಿತ್ತು. ರಜೆ ಎಂದರೆ ನಾಲ್ಕು ಗಂಟೆಗೇ ಎದ್ದು ಇಲ್ಲಿಯ ದಮ್ ಬಿರಿಯಾನಿಗೆ ಕ್ಯೂ ನಿಲ್ಲುವ ಪುಣ್ಯಾತ್ಮರು ಅವರು. ಅವರೂ ಬೇಗ ಏಳುತ್ತಾರೆ, ನಾನೂ ಬೇಗ ಏಳುತ್ತೇನೆ. ಅವರಿಗೆ ಕೊನೆಯಲ್ಲಿ ದೊನ್ನೆ ತುಂಬ ಬಿರಿಯಾನಿ.

ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂತು. ಕೈಗಾರಿಕಾ ಪ್ರದೇಶದ ದೊಡ್ಡ ಹಬ್ಬ ಇದೇ. ಯುಗಾದಿ, ಗೌರಿ ಹಬ್ಬ ಮನೆಯವು, ಆಯುಧಪೂಜೆ ಕಂಪನಿಯದು. ಹಿಂದಿನ ದಿನವೇ ಮಿಷನ್ನುಗಳ ಎಣ್ಣೆ ಜಿಡ್ಡನ್ನು ಬಟ್ಟೆ ಕಟ್ಟಿ ಉಜ್ಜಿ, ನೆಲಕ್ಕೆ ನೀರು ಹೊಡೆದು, ಗೇಟಿಗೆ ಬಾಳೆಕಂದು ಕಟ್ಟಿರುತ್ತಾರೆ. ಲೇತಿಗೆ ಅರಿಶಿನ ಕುಂಕುಮ, ಫೋರ್ಕ್‌ಲಿಫ್ಟಿಗೆ ಚೆಂಡುಹೂವಿನ ಹಾರ, ಸ್ಪ್ಯಾನರಿನಿಂದ ಸ್ಕ್ರೂಡ್ರೈವರಿನವರೆಗೆ ಎಲ್ಲವೂ ಕೆಂಪು ಬಟ್ಟೆಯ ಮೇಲೆ ಮಲಗಿರುತ್ತವೆ. ವರ್ಷಕ್ಕೊಮ್ಮೆ ಹೆಂಡತಿ ಮಕ್ಕಳು ಗೇಟಿನ ಒಳಗೆ ಬಂದು, ತಮ್ಮ ಮನುಷ್ಯ ದಿನವೂ ಯಾವ ಮಿಷನ್ನಿನ ಮುಂದೆ ನಿಲ್ಲುತ್ತಾನೆ ಎಂದು ನೋಡುವ ದಿನವೂ ಹಲವು ಕಡೆ ಅದೇ. ಬೂದುಗುಂಬಳ ಒಡೆದು ರಸ್ತೆಯೆಲ್ಲ ಕುಂಕುಮದ ನೀರು. ಅಂದು ಕೆಲಸವಿಲ್ಲ ಎಂದುಕೊಂಡೇ ಹೊರಟಿದ್ದೆ. ಬಿಟ್ಟುಹೋದ ಒಂದೆರಡು ಬೀಗದ ಮನೆಗಳು ಅಂದಾದರೂ ತೆರೆದಿರುತ್ತವೆ ಎಂಬ ಆಸೆ. ತೆರೆದಿದ್ದವು. ಆದರೆ ಪ್ರಶ್ನೆ ಕೇಳಲು ಯಾರೂ ಬಿಡಲಿಲ್ಲ. “ಇವತ್ತು ನಿಮ್ ಆಯುಧಕ್ಕೂ ಪೂಜೆ ಮಾಡ್ಬೇಕಲ್ವಾ ಮೇಡಮ್ಮ” ಎಂದು ನನ್ನ ಕೈಯಿಂದ ಫೋನು ಕಿತ್ತುಕೊಂಡು, ಆಟೋದ ಪಕ್ಕ ಮಣೆಯ ಮೇಲಿಟ್ಟು, ಪರದೆಗೆ ಒಂದು ಬೊಟ್ಟು ಕುಂಕುಮ ಇಟ್ಟರು. ಪೊಟ್ಟಣ ತುಂಬ ಪುರಿ, ಕಡಲೆ, ಬತ್ತಾಸು ಸಿಕ್ಕಿತು. ಕೂಲಿಮಠದ ಐಗಳ ಪಾಲು ಹೀಗೆ ನನಗೂ ಬಂತು. ಆ ಬೊಟ್ಟು ಎರಡು ದಿನ ಉಗುರಿನಿಂದ ಕೆರೆದರೂ ಫೋನಿನ ಅಂಚಿನಿಂದ ಹೋಗಲಿಲ್ಲ. ಪೂಜೆಯ ಫಲವೋ ಏನೋ, ಆ್ಯಪು ಮಾರನೆಯ ವಾರದಿಂದ ಚುರುಕಾಯಿತು.

ಅಕ್ಟೋಬರ್ 7 ಬಂದರೂ ಸಮೀಕ್ಷೆ ಮುಗಿದಿರಲಿಲ್ಲ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಲಾಗಿದೆ ಎಂದು ಸಂಜೆಯ ಸುದ್ದಿಯಲ್ಲಿ ಬಂತು. ಟೀವಿಯ ಕೆಳಗಿನ ಪಟ್ಟಿಯಲ್ಲಿ “ರಜೆ ವಿಸ್ತರಣೆ” ಎಂಬ ಎರಡು ಪದ ಓಡಿದ್ದೇ ತಡ, ನಾದಿನಿಯ ಫೋನು: “ಪುಣ್ಯವಂತರಪ್ಪ ನೀವು, ಇನ್ನೂ ಹತ್ತು ದಿನ!” ಬಸ್ ಸ್ಟ್ಯಾಂಡಿನ ಹೂವಿನಾಕೆಯೂ ಅದನ್ನೇ ಅಂದಳು. ಕೆಲಸ ಹೆಚ್ಚಾದರೆ ರಜೆ ಹೆಚ್ಚಾಯಿತು ಎಂದು ಕರೆಯುವ ವೃತ್ತಿ ನಮ್ಮದೊಂದೇ ಇರಬೇಕು.

ಅದುವರೆಗೆ ನನಗೆ ಈ ಅಲೆದಾಟದಲ್ಲಿ ಒಂದು ಬಗೆಯ ರುಚಿ ಹತ್ತಿತ್ತು. ಆದರೆ 8ನೇ ತಾರೀಖಿನ ಬೆಳಿಗ್ಗೆ ಕಂಡದ್ದು ಬೇರೆ. ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಎಂದಿನಂತೆ ಬಂದು ತಮ್ಮ ಮಕ್ಕಳನ್ನು ಹತ್ತಿಸಿಕೊಂಡು ಹೋದವು. ನನ್ನ ಶಾಲೆಯ ಮಕ್ಕಳು ಅದೇ ರಸ್ತೆಯಲ್ಲಿ ಸೈಕಲ್ ಟೈರು ಓಡಿಸುತ್ತಿದ್ದರು. ಒಂದೇ ಬೀದಿ, ಒಂದೇ ವಯಸ್ಸು. ಒಂದು ಗುಂಪು ಪಾಠಕ್ಕೆ, ಇನ್ನೊಂದು ಗುಂಪು ಅವರ ಮೇಷ್ಟರು ಲೆಕ್ಕ ಬರೆಯುವುದನ್ನು ನೋಡಲಿಕ್ಕೆ. ನಮ್ಮ ಶಾಲೆಗಳಲ್ಲಿ ಈಗ ವಾರದ ಆರೂ ದಿನ ಮೊಟ್ಟೆ ಕೊಡುತ್ತಾರೆ; ಬೇಡವೆಂದವರಿಗೆ ಬಾಳೆಹಣ್ಣು. ಮೂರನೇ ತರಗತಿಯ ಒಬ್ಬ ದಿನವೂ ನನ್ನ ಛತ್ರಿಯ ನೆರಳಿನಲ್ಲಿ ನಡೆಯುತ್ತ, “ಮಿಸ್, ಇಸ್ಕೂಲ್ ಯಾವತ್ತಿಂದ?” ಎಂದು ಕೇಳುತ್ತಿದ್ದ. ಪಾಠದ ಮೇಲೆ ಇಷ್ಟು ಆಸೆಯೇ ಎಂದು ಸಂತೋಷಪಡುವಷ್ಟರಲ್ಲಿ, “ಮೊಟ್ಟೆ ಅವತ್ತೇ ಕೊಡ್ತಾರಾ?” ಎಂದ. ಮೊಟ್ಟೆಯೂ ಶಿಕ್ಷಣವೇ. ರಜೆ ವಿಸ್ತರಣೆಯಾದಾಗ ಅದೂ ನಿಲ್ಲುತ್ತದೆ, ಹಾಲೂ ನಿಲ್ಲುತ್ತದೆ, ಮಗ್ಗಿಯೂ ನಿಲ್ಲುತ್ತದೆ. ತಪ್ಪಿದ ಪಾಠವನ್ನು ಆಮೇಲೆ ಹೆಚ್ಚುವರಿ ತರಗತಿ ಮಾಡಿ ತುಂಬಿಸುತ್ತೇವೆ. ತಿಂದುಹೋದ ರಜೆಯನ್ನು ಗಳಿಕೆ ರಜೆಯಲ್ಲಿ ತುಂಬಿಕೊಡುವ ನಿಯಮವೂ ಇದೆ. ತಪ್ಪಿದ ಮೊಟ್ಟೆಯನ್ನು ಯಾರೂ ಎರಡೆರಡು ಕೊಟ್ಟು ತುಂಬಿಸುವುದಿಲ್ಲ.

ಸಮೀಕ್ಷೆ ಬೇಡ ಎನ್ನುವವಳಲ್ಲ ನಾನು. ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯದೆ ಸರ್ಕಾರ ಯಾರಿಗೆ ಏನು ಕೊಡಬೇಕೆಂದು ಹೇಗೆ ತೀರ್ಮಾನಿಸಬೇಕು? ಮನೆಮನೆಗೆ ಹೋಗಲು ಮೇಷ್ಟರೇ ಏಕೆ ಎಂಬುದಕ್ಕೂ ಉತ್ತರ ನನಗೆ ಪಿಲ್ಲಗುಂಪೆಯಲ್ಲಿ ಸಿಕ್ಕಿದೆ. ಅಪರಿಚಿತರು ಬಂದರೆ ಅರ್ಧ ತೆರೆಯುವ ಬಾಗಿಲು, ಮಗುವಿನ ಮಿಸ್ಸು ಬಂದರೆ ಪೂರ್ತಿ ತೆರೆಯುತ್ತದೆ. ಸಾಲದ ಪ್ರಶ್ನೆಗೂ ಮುದ್ದೆ ಬಸ್ಸಾರಿನ ಉಪಚಾರ ಸಿಗುತ್ತದೆ. ಆ ನಂಬಿಕೆ ಶಾಲೆ ಗಳಿಸಿಕೊಟ್ಟದ್ದು. ಅದನ್ನು ಎಲ್ಲರ ಕೆಲಸಕ್ಕೂ ಖರ್ಚು ಮಾಡುತ್ತಿದ್ದೇವೆ, ಶಾಲೆಯ ಕೆಲಸಕ್ಕೆ ಮಾತ್ರ ಮಾಡುತ್ತಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಸಾಲಾಗಿರುವ ಮಗು ಯಾವ ಬೆಳಕಿನಲ್ಲಿ ಓದುತ್ತದೆ, ಎಷ್ಟು ಹೊತ್ತಿಗೆ ನೀರು ಹಿಡಿಯಲು ಏಳುತ್ತದೆ, ಯಾರ ಯಾರ ಕೆಲಸಕ್ಕೆ ಓಡುತ್ತದೆ ಎಂದು ತಿಳಿಯಲು ನನಗೆ ಒಂದು ಆಯೋಗದ ಸಮೀಕ್ಷೆ ಬೇಕಾಯಿತು. ವರ್ಷಕ್ಕೊಮ್ಮೆ, ಆ್ಯಪಿಲ್ಲದೆ, ಓಟಿಪಿ ಇಲ್ಲದೆ, ಕಾಲಂ ತುಂಬುವ ಗೊಡವೆಯಿಲ್ಲದೆ ನಮ್ಮ ತರಗತಿಯ ಮಕ್ಕಳ ಮನೆಗಳಿಗೆ ಮಾತ್ರ ಹೋಗಿಬನ್ನಿ ಎಂದು ಇಲಾಖೆ ಶಾಲೆಯ ದಿನಗಳಲ್ಲೇ ಎರಡು ದಿನ ಕೊಡಲಿ, ಖುಷಿಯಿಂದ ಹೋಗುತ್ತೇನೆ. ದಸರಾ ರಜೆಯನ್ನು ದಸರಾಕ್ಕೆ ಬಿಟ್ಟುಕೊಡಲಿ.

ಅದು ಆಗುವವರೆಗೆ ಓದುಗರಲ್ಲಿ ಒಂದು ಮಾತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ದೇಶದ ಜನಗಣತಿ ಬರುತ್ತಿದೆ. 2011ರ ನಂತರ ಇದೇ ಮೊದಲು. ನಿಮ್ಮ ಬಾಗಿಲಿಗೂ ಒಬ್ಬ ಮೇಷ್ಟರೋ ಟೀಚರೋ ಬರುವ ಸಂಭವ ಹೆಚ್ಚು. ರಜೆ ಹೇಗಿದೆ ಎಂದು ಕೇಳಬೇಡಿ. ಒಂದು ಲೋಟ ನೀರು ಕೊಟ್ಟು ಕೂರಿಸಿ, ನಿಮ್ಮ ಬೀದಿಯ ಮಕ್ಕಳು ಶಾಲೆಯಲ್ಲಿ ಹೇಗೆ ಕಲಿಯುತ್ತಿದ್ದಾರೆ ಎಂದು ಮೊದಲು ನೀವೇ ಕೇಳಿ. ಆಮೇಲೆ ಅವರು ಕೇಳಿದ್ದಕ್ಕೆ ಉತ್ತರ ಕೊಡಿ.